ಕೀಟಕ್ಕೂ ನೋವಾಗುತ್ತದೆಯೇ? ಪ್ರಯೋಗಕ್ಕೆ ಮುನ್ನ ತಿಳಿದಿರಬೇಕಾದದ್ದು

ಕರಾವಳಿಯ ಅಡುಗೆಮನೆಗೆ ಏಡಿ ಜೀವಂತವಾಗಿಯೇ ಬರುತ್ತದೆ. ಕೊಂಬು ಮುರಿಯುವಾಗ, ಚಿಪ್ಪು ಬಿಡಿಸುವಾಗ ಪಕ್ಕದಲ್ಲಿ ನಿಂತ ಮಗು 'ಅದಕ್ಕೆ ನೋವಾಗುವುದಿಲ್ಲವಾ?' ಎಂದು ಕೇಳಿದರೆ 'ಇಲ್ಲ, ಅದಕ್ಕೆಲ್ಲ ಗೊತ್ತಾಗುವುದಿಲ್ಲ' ಎನ್ನುವುದು ವಾಡಿಕೆ. ಈ ಉತ್ತರವನ್ನು ಈಗ ಒಂದು ದೇಶದ ಕಾನೂನು ಒಪ್ಪುವುದಿಲ್ಲ. ಲಂಡನ್ನಿನ ತಜ್ಞರ ತಂಡವೊಂದು 300ಕ್ಕೂ ಹೆಚ್ಚು ಸಂಶೋಧನೆಗಳನ್ನು ಪರಿಶೀಲಿಸಿ 2021ರಲ್ಲಿ ವರದಿ ಕೊಟ್ಟಿತು. ಅದನ್ನು ಆಧರಿಸಿ ಬ್ರಿಟನ್ 2022ರ ತನ್ನ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ ಏಡಿ, ಸಿಗಡಿ, ಬೊಂಡಾಸ್ (ಸ್ಕ್ವಿಡ್), ಆಕ್ಟೋಪಸ್‌ಗಳನ್ನು ಸಂವೇದನೆಯುಳ್ಳ ಜೀವಿಗಳ ಪಟ್ಟಿಗೆ ಸೇರಿಸಿತು. ಏಡಿ ಬೇಯಿಸುವ ಕ್ರಮವನ್ನು ಆ ಕಾಯ್ದೆ ನಿಷೇಧಿಸಿಲ್ಲ. ಸರ್ಕಾರ ನೀತಿ ರೂಪಿಸುವಾಗ ಈ ಜೀವಿಗಳ ಕ್ಷೇಮವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದಷ್ಟೇ ಹೇಳುತ್ತದೆ.

ಏಡಿಯ ಮಾತು ಬಂದರೆ ಕೀಟದ ಮಾತು ಬಂದೇ ಬರುತ್ತದೆ. ಜೀವವಿಕಾಸದ ವಂಶವೃಕ್ಷದಲ್ಲಿ ಕೀಟಗಳು ಏಡಿ, ಸಿಗಡಿಗಳ ಬಳಗದ ಒಳಗಿಂದಲೇ ಕವಲೊಡೆದವು. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರಕಟವಾದ ವಿಜ್ಞಾನಿಗಳ ಘೋಷಣೆಯೊಂದು, ಕೀಟಗಳಿಗೂ ಅನುಭವ ಇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದಿತು. ಇದು ದೂರದ ತತ್ವಚರ್ಚೆಯೇನಲ್ಲ. ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಎಂದರೆ ಹೆಚ್ಚಾಗಿ ಹಣ್ಣುನೊಣ, ಸೊಳ್ಳೆಮರಿ, ಇರುವೆ, ಜಿರಳೆ. ಇಲಿ, ಮೊಲಗಳಿಗೆ ಬೇಕಾದ ಅನುಮತಿ ಇವಕ್ಕೆ ಬೇಡ. ಹಾಗಾಗಿ ಹೇಗೆ ಹಿಡಿಯಬೇಕು, ಎಷ್ಟು ಹಿಡಿಯಬೇಕು, ಹೇಗೆ ಕೊಲ್ಲಬೇಕು ಎಂಬುದೆಲ್ಲ ಸೀಸೆ ಹಿಡಿದವರ ಕೈಗೇ ಬಿಟ್ಟಿದೆ.

ಅಪಾಯ ತಿಳಿಯುವುದು ಒಂದು, ನೋವು ಇನ್ನೊಂದು

ಕಾದ ಕಾವಲಿಗೆ ಬೆರಳು ತಾಗಿದಾಗ ಕೈ ಹಿಂದೆ ಬಂದುಬಿಡುತ್ತದೆ. 'ಅಯ್ಯೋ' ಎನ್ನುವುದು ಆಮೇಲೆ. ಕೈಯನ್ನು ಹಿಂದಕ್ಕೆಳೆದದ್ದು ಬೆನ್ನುಹುರಿ. ಸುದ್ದಿ ಮಿದುಳಿಗೆ ತಲುಪಿದ ಮೇಲೆ ಉರಿ ಅನುಭವಕ್ಕೆ ಬರುತ್ತದೆ. ಈ ಎರಡು ಹಂತಗಳನ್ನು ಬೇರೆಬೇರೆಯಾಗಿ ನೋಡಿದರೆ ಮುಂದಿನದೆಲ್ಲ ಸುಲಭ.

ಮೊದಲ ಹಂತಕ್ಕೆ ಅಪಾಯಗ್ರಹಣ ಎನ್ನೋಣ. ಸುಡುವ ಬಿಸಿ, ಚುಚ್ಚು, ಹಿಸುಕು, ಆಮ್ಲ ಇಂಥವಕ್ಕೆ ಮಾತ್ರ ಸ್ಪಂದಿಸುವ ನರತುದಿಗಳಿವೆ. ಇವಕ್ಕೆ ನೋಸಿಸೆಪ್ಟರ್ ಎಂಬ ಹೆಸರು ಕೊಟ್ಟವರು ಇಂಗ್ಲೆಂಡಿನ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್, 1906ರಲ್ಲಿ. ಎರಡನೆಯದು ನೋವು, ಅಂದರೆ 'ಇದು ಬೇಡ' ಎಂಬ ಅಹಿತದ ಅನುಭವ. ಅದು ಬಹಳ ಹೊತ್ತು ಉಳಿದು ಉಳಿದೆಲ್ಲವನ್ನೂ ಕೆಡಿಸಿದರೆ ಯಾತನೆ. ನೋಸಿಸೆಪ್ಟರ್ ಮನೆಬಾಗಿಲಿನ ಕರೆಗಂಟೆ ಇದ್ದಂತೆ. ಗುಂಡಿ ಒತ್ತಿದರೆ ಗಂಟೆ ಬಾರಿಸುತ್ತದೆ. ಗಂಟೆ ಬಾರಿಸಿತು ಎಂದ ಮಾತ್ರಕ್ಕೆ ಒಳಗೆ ಕೇಳಿಸಿಕೊಳ್ಳುವವರು ಇದ್ದಾರೆ ಎಂದು ಹೇಳಲಾಗದು. ಕೀಟದ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇದೇ.

ಗಂಟೆ ಇದೆ ಎಂಬುದರಲ್ಲಿ ಈಗ ಸಂಶಯವಿಲ್ಲ. ಮಾಗಿದ ಬಾಳೆಹಣ್ಣು, ಹಲಸಿನ ತೊಳೆಯ ಸುತ್ತ ಹಾರಾಡುವ ಪುಟ್ಟ ಕೆಂಪುಗಣ್ಣಿನ ನೊಣವೇ ಡ್ರೊಸೊಫಿಲಾ, ಪ್ರಯೋಗಶಾಲೆಯ ಹಣ್ಣುನೊಣ. (ಮಾವಿನ ಹಣ್ಣಿನೊಳಗೆ ಸಿಗುವ ಹುಳು ಬೇರೊಂದು ಜಾತಿಯ ನೊಣದ್ದು.) ಇದರ ಮರಿಹುಳುವನ್ನು ಬಿಸಿ ಕಡ್ಡಿಯಿಂದ ಮುಟ್ಟಿದರೆ, ಬಿಸಿ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ದಾಟಿದ ಕೂಡಲೇ ಅದು ತೆವಳುವುದನ್ನು ಬಿಟ್ಟು ಮಗ್ಗುಲಿಗೆ ಸುರುಳಿಯಂತೆ ಉರುಳತೊಡಗುತ್ತದೆ. ಮೆತ್ತಗೆ ಮುಟ್ಟಿದರೆ ಹೀಗೆ ಉರುಳುವುದಿಲ್ಲ. ಹಾಗೆ ಉರುಳದ ಮರಿಗಳನ್ನು ಹುಡುಕುತ್ತಾ ಹೋಗಿ ಅಮೆರಿಕದ ಸಂಶೋಧಕರು 2003ರಲ್ಲಿ ಒಂದು ವಂಶವಾಹಿಯನ್ನು ಗುರುತಿಸಿ ಅದಕ್ಕೆ 'ಪೇನ್‌ಲೆಸ್' ಎಂದು ಹೆಸರಿಟ್ಟರು. ಅದೇ ಕುಟುಂಬಕ್ಕೆ ಸೇರಿದ ವಂಶವಾಹಿಗಳು ನಮ್ಮ ದೇಹದಲ್ಲೂ ಬಿಸಿ, ಖಾರಗಳ ಉರಿಯನ್ನು ಗುರುತಿಸುತ್ತವೆ.

ಸಾಸಿವೆಗಿಂತ ಚಿಕ್ಕ ಮಿದುಳು

ಹಣ್ಣುನೊಣದ ಮರಿಹುಳುವಿನ ಮಿದುಳಿನ ಪೂರ್ತಿ ನಕ್ಷೆ 2023ರಲ್ಲಿ ಹೊರಬಂತು. ಅದರಲ್ಲಿ 3,016 ನರಕೋಶಗಳಿವೆ. ಮರುವರ್ಷ ಪ್ರೌಢ ಹೆಣ್ಣುನೊಣದ ನಕ್ಷೆಯೂ ಬಂತು: 1,39,255 ನರಕೋಶ, ಅವುಗಳ ನಡುವೆ ಸುಮಾರು 5 ಕೋಟಿ ಕೂಡುಬಿಂದುಗಳು. ಜೇನುನೊಣಕ್ಕೆ ಹತ್ತಿರಹತ್ತಿರ 10 ಲಕ್ಷ ನರಕೋಶ, ಮನುಷ್ಯರಿಗೆ ಸುಮಾರು 8,600 ಕೋಟಿ.

ಸಂಖ್ಯೆ ಕಡಿಮೆ ಎಂದ ಮಾತ್ರಕ್ಕೆ ವಿಷಯ ಮುಗಿಯಲಿಲ್ಲ. ಕೀಟದ ತಲೆಯಲ್ಲಿ ಬೇರೆಬೇರೆ ಇಂದ್ರಿಯಗಳ ಸುದ್ದಿಯನ್ನು ಒಂದುಗೂಡಿಸಿ, ಹಿಂದಿನ ನೆನಪಿನೊಂದಿಗೆ ತಾಳೆ ನೋಡಿ, ಮುಂದೇನು ಮಾಡಬೇಕೆಂದು ನಿರ್ಧರಿಸುವ ಭಾಗಗಳಿವೆ. ಅಣಬೆಯ ಆಕಾರದ ಒಂದು ಜೋಡಿ ನೆನಪನ್ನು ನೋಡಿಕೊಳ್ಳುತ್ತದೆ. ನಡುವಿನ ಇನ್ನೊಂದು ಭಾಗ ದಿಕ್ಕು, ಚಲನೆಗಳನ್ನು ನೋಡಿಕೊಳ್ಳುತ್ತದೆ. ಅಪಾಯದ ಸುದ್ದಿ ಎದೆ, ಹೊಟ್ಟೆಗಳ ನರಗಂಟುಗಳಲ್ಲೇ ಮುಗಿದುಹೋಗದೆ ಈ ಭಾಗಗಳಿಗೆ ತಲುಪಿ, ಅಲ್ಲಿಂದ 'ಈಗ ಸುಮ್ಮನಿರು' ಎಂಬ ಆದೇಶವೂ ಕೆಳಕ್ಕೆ ಬರುವಂತಿದ್ದರೆ, ಅದು ಬರೀ ಯಾಂತ್ರಿಕ ಸ್ಪಂದನೆ ಎನ್ನುವುದು ಕಷ್ಟವಾಗುತ್ತದೆ.

'ಇಲ್ಲ' ಎನ್ನುವವರ ಬಳಿ ಇರುವ ಸಾಕ್ಷ್ಯ

ಈ ಪಕ್ಷವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 1984ರಲ್ಲಿ ಆಸ್ಟ್ರೇಲಿಯಾದ ಕೀಟತಜ್ಞರು ಕೆಲವು ಸಂಗತಿಗಳನ್ನು ಒಟ್ಟುಮಾಡಿದರು. ಪಾದ ಜಜ್ಜಿಹೋದ ಕೀಟ ಕುಂಟುವುದಿಲ್ಲ, ಆ ಕಾಲಿನ ಮೇಲೂ ಮೊದಲಿನಷ್ಟೇ ಭಾರ ಹಾಕಿ ನಡೆಯುತ್ತದೆ. ಸೂರ್ಯನಕುದುರೆ ಹಿಂದಿನಿಂದ ತಿನ್ನುತ್ತಿದ್ದರೂ ಮಿಡತೆ ಮುಂದಿನ ಎಲೆ ತಿನ್ನುವುದನ್ನು ಬಿಡುವುದಿಲ್ಲ. ನಾಯಿ, ಕೋಳಿ ಹೀಗಿರಲಾರವು. ಹಾಗಾಗಿ ಕೀಟಗಳಿಗೆ ನೋವಿನ ಅನುಭವ ಇರಲಿಕ್ಕಿಲ್ಲ ಎಂಬ ಕಡೆಗೆ ಅವರು ವಾಲಿದರು. ಆದರೂ ಪ್ರಯೋಗಕ್ಕೆ ಮುನ್ನ ಅರಿವಳಿಕೆ ಕೊಡುವುದು ಒಳ್ಳೆಯದು ಎಂದು ಅದೇ ಲೇಖನದಲ್ಲಿ ಬರೆದರು. ಆ ಸಲಹೆಯನ್ನು ಆಮೇಲೆ ಹೆಚ್ಚಿನವರು ಮರೆತರು.

ತಲೆಯಿಲ್ಲದ ಜಿರಳೆಯ ಪ್ರಯೋಗ ಇನ್ನೂ ಗಟ್ಟಿಯಾದದ್ದು. ಜಿರಳೆ ತಲೆ ಹೋದ ಮೇಲೂ ದಿನಗಟ್ಟಲೆ ಬದುಕಿರುತ್ತದೆ. 1962ರಲ್ಲಿ ಜಿ. ಎ. ಹಾರಿಡ್ಜ್ ಎಂಬ ವಿಜ್ಞಾನಿ ತಲೆಯಿಲ್ಲದ ಜಿರಳೆಯ ಕಾಲು ಕೆಳಗಿಳಿದಾಗಲೆಲ್ಲ ವಿದ್ಯುತ್ ತಾಗುವಂತೆ ಮಾಡಿದರು. ಸ್ವಲ್ಪ ಹೊತ್ತಿನಲ್ಲಿ ಆ ಕಾಲು ಮೇಲೆತ್ತಿಕೊಂಡೇ ಇರುವುದನ್ನು ಕಲಿಯಿತು! ಮಿದುಳೇ ಇಲ್ಲದೆ. 'ಪೆಟ್ಟು ತಪ್ಪಿಸಿಕೊಳ್ಳಲು ಕಲಿಯಿತು, ಆದ್ದರಿಂದ ನೋವಾಗುತ್ತಿದೆ' ಎಂಬ ವಾದ ಸಾಲದು ಎಂದು ಇದರಿಂದ ತಿಳಿಯುತ್ತದೆ. 2017ರ ಒಂದು ಪ್ರಯೋಗವೂ ಇದೇ ಪಕ್ಷಕ್ಕೆ ಸೇರುತ್ತದೆ. ಗಾಯಗೊಂಡ ಜೇನುನೊಣಗಳ ಮುಂದೆ ಮಾರ್ಫಿನ್ ಬೆರೆಸಿದ ಸಕ್ಕರೆ ನೀರನ್ನೂ ಬೆರೆಸದ್ದನ್ನೂ ಇಟ್ಟರು. ಗಾಯಗೊಂಡವು ಮಾರ್ಫಿನ್ ಇದ್ದದ್ದನ್ನು ಹುಡುಕಿ ಹೆಚ್ಚು ಕುಡಿಯಲಿಲ್ಲ.

ಬಿಸಿ ಬಟ್ಟಲಿನ ಮುಂದೆ ಬಂದ ದುಂಬಿ

ಕುಂಟುವುದಿಲ್ಲ ಎಂಬುದು ಒಂದು ಕೀಟದ, ಒಂದು ಸಂದರ್ಭದ ಮಾತು. ಬೇರೆ ಕೀಟಗಳನ್ನು ಬೇರೆ ಪ್ರಶ್ನೆ ಕೇಳಿ ನೋಡಿದಾಗ ಬೇರೆಯದೇ ಉತ್ತರ ಬರತೊಡಗಿತು.

ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ಲಾರ್ಸ್ ಚಿಟ್ಕಾ ಅವರ ತಂಡ ಬಂಬಲ್‌ಬೀ ಎಂಬ ರೋಮಭರಿತ ದುಂಬಿಯ ಮೇಲೆ ಕೆಲಸ ಮಾಡುತ್ತದೆ. ನಮ್ಮ ಕರಾವಳಿಯಲ್ಲಿ ಅದು ಕಾಣಸಿಗುವುದಿಲ್ಲ. ಮರದ ತೊಲೆ ಕೊರೆಯುವ ನಮ್ಮ ಕರಿದುಂಬಿ ಬೇರೆ. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದುಂಬಿಗಳ ಮುಂದೆ ಎರಡು ಬಗೆಯ ಸಕ್ಕರೆ ನೀರಿನ ಬಟ್ಟಲುಗಳಿದ್ದವು. ಕೆಲವು ಮಾಮೂಲಿ, ಕೆಲವು 55 ಡಿಗ್ರಿಗೆ ಬಿಸಿ ಮಾಡಿದವು. ಯಾವ ಬಗೆ ಯಾವುದೆಂದು ಬಣ್ಣ ನೋಡಿದರೆ ಗೊತ್ತಾಗುತ್ತಿತ್ತು. ಎಲ್ಲದರಲ್ಲೂ 40% ಸಕ್ಕರೆ ಇದ್ದಾಗ ದುಂಬಿಗಳು ಬಿಸಿ ಬಟ್ಟಲಿನಿಂದ ದೂರ ಉಳಿದವು. ಮಾಮೂಲಿ ಬಟ್ಟಲಿನ ಸಕ್ಕರೆಯನ್ನು 30, 20, 10% ಎಂದು ಇಳಿಸಿದಂತೆ, ಬಿಸಿಯನ್ನು ಸಹಿಸಿಕೊಂಡು 40% ಇದ್ದ ಬಟ್ಟಲಿಗೆ ಹೋಗುವುದು ಹೆಚ್ಚಾಯಿತು. ಬರೀ ಯಾಂತ್ರಿಕ ಸ್ಪಂದನೆಯಾಗಿದ್ದರೆ ಬಿಸಿಯಿಂದ ಯಾವಾಗಲೂ ಒಂದೇ ರೀತಿ ಹಿಂದೆ ಸರಿಯಬೇಕಿತ್ತು. ಇಲ್ಲಿ ಸಿಹಿಯ ಆಸೆ ಮತ್ತು ಬಿಸಿಯ ಬಾಧೆ ಎರಡನ್ನೂ ತೂಗಿ ನೋಡಲಾಗಿದೆ, ಅದೂ ಬಣ್ಣದ ನೆನಪನ್ನು ಬಳಸಿಕೊಂಡು. ಆ ತೂಗಾಟ ನಡೆದದ್ದು ಮಿದುಳಿನಲ್ಲಿ. ದುಂಬಿಗಳನ್ನು ಕಟ್ಟಿಹಾಕಿರಲಿಲ್ಲ, ಬೇಡವೆನಿಸಿದಾಗ ಹಾರಿಹೋಗಲು ಅವಕ್ಕೆ ದಾರಿ ಇತ್ತು ಎಂಬುದನ್ನೂ ಗಮನಿಸಬೇಕು. ನೋವಿನ ಕುರಿತ ಪ್ರಯೋಗವನ್ನೂ ಹೀಗೆ ನಡೆಸಬಹುದು.

2024ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಇನ್ನೊಂದು ಸಂಗತಿ ಬಂತು. ದುಂಬಿಯ ಒಂದು ಮೀಸೆಗೆ 65 ಡಿಗ್ರಿಯ ಕಡ್ಡಿ ತಾಗಿಸಿದಾಗ, ಆಮೇಲಿನ ಕೆಲ ಹೊತ್ತು ಅದು ಆ ಮೀಸೆಯನ್ನೇ ಮತ್ತೆಮತ್ತೆ ಕಾಲಿನಿಂದ ನೇವರಿಸಿಕೊಂಡಿತು. ಪೆಟ್ಟಾದ ಜಾಗವನ್ನು ಕೀಟ ಲೆಕ್ಕಿಸುವುದೇ ಇಲ್ಲ ಎಂಬ 1984ರ ಮಾತಿಗೆ ಇದು ನೇರ ಉತ್ತರ.

ನೊಣಗಳ ಸಂಗತಿ ಇದಕ್ಕಿಂತ ಕಳವಳಕಾರಿ. ಸಿಡ್ನಿ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಹಣ್ಣುನೊಣದ ಒಂದು ಕಾಲನ್ನು ತೆಗೆದು ಗಾಯ ಮಾಯುವವರೆಗೆ ಬಿಟ್ಟಿತು. ಗಾಯ ಪೂರ್ತಿ ಮಾಯ್ದ ಮೇಲೂ, ಮೊದಲು ಲೆಕ್ಕಿಸದಿದ್ದ ಅಲ್ಪ ಬಿಸಿಗೇ ಆ ನೊಣಗಳು ತಪ್ಪಿಸಿಕೊಳ್ಳಲು ಜಿಗಿಯುತ್ತಿದ್ದವು. ಅಪಾಯದ ಸುದ್ದಿಯನ್ನು ತಡೆಹಿಡಿಯುವ ನರಕೋಶಗಳು ಗಾಯದಿಂದಾಗಿ ಸತ್ತುಹೋಗಿದ್ದವು. ಮನುಷ್ಯರಲ್ಲಿ ಪೆಟ್ಟು ಮಾಯ್ದರೂ ವರ್ಷಗಟ್ಟಲೆ ಉಳಿಯುವ ನರನೋವಿನ ಹಿಂದೆಯೂ ಇದೇ ಬಗೆಯ ಕಾರಣವಿದೆ.

ಜೇನುನೊಣದ ಮನಃಸ್ಥಿತಿಯ ಪ್ರಯೋಗ ಇಂಗ್ಲೆಂಡಿನ ನ್ಯೂಕಾಸಲ್‌ನದು, 2011ರದು. ಒಂದು ವಾಸನೆಯ ಜತೆ ಸಕ್ಕರೆ, ಇನ್ನೊಂದರ ಜತೆ ಕಹಿ ಕ್ವಿನೈನ್ ಕೊಟ್ಟು ಕಲಿಸಿದರು. ಬಳಿಕ ಕರಡಿಯೋ ಜೇನುಬೇಟೆಯ ಪ್ರಾಣಿಯೋ ಗೂಡಿಗೆ ಕೈಹಾಕಿದಾಗ ಆಗುವಂತೆ ಕೆಲವು ನೊಣಗಳನ್ನು ಒಂದು ನಿಮಿಷ ಜೋರಾಗಿ ಅಲುಗಾಡಿಸಿದರು. ಆಮೇಲೆ ಎರಡೂ ಬೆರೆತ ವಾಸನೆ ತೋರಿಸಿದಾಗ, ಅಲುಗಾಡಿಸಿದ ನೊಣಗಳು ಉಳಿದವಕ್ಕಿಂತ ಹೆಚ್ಚಾಗಿ ಅದನ್ನು ಕಹಿಯೆಂದೇ ಎಣಿಸಿ ನಾಲಿಗೆ ಚಾಚದೆ ಉಳಿದವು. ಮನಸ್ಸು ಕುಗ್ಗಿದ ಮನುಷ್ಯರಿಗೂ ಸಂಶಯದ ಸುದ್ದಿ ಕೆಟ್ಟ ಸುದ್ದಿಯಂತೆಯೇ ಕೇಳಿಸುತ್ತದೆ. ತುಡುವೆ ಜೇನಿನ ಪೆಟ್ಟಿಗೆಯನ್ನು ಮೆತ್ತಗೆ ತೆರೆಯಿರಿ, ಎರಿಗಳನ್ನು ದಡಬಡ ಎಳೆಯಬೇಡಿ ಎಂದು ನಮ್ಮಲ್ಲಿ ಅನುಭವಿ ಜೇನುಕೃಷಿಕರು ಹೇಳುವುದು ಚುಚ್ಚಿಸಿಕೊಳ್ಳದಿರಲು. ನೊಣದ ಪಾಲಿಗೂ ಅದರಲ್ಲಿ ಒಳಿತಿದೆ.

ಎಂಟು ಪರೀಕ್ಷೆ, ಬೇರೆಬೇರೆ ಅಂಕ

ಏಡಿಗಳ ವರದಿಗೆ ಬಳಸಿದ ಎಂಟು ಪರೀಕ್ಷೆಗಳನ್ನೇ ಕೀಟಗಳಿಗೂ ಇಟ್ಟು ನೋಡಿದ ಪರಾಮರ್ಶೆ 2022ರಲ್ಲಿ ಬಂತು. ನೋಸಿಸೆಪ್ಟರ್ ಇದೆಯೇ, ಸುದ್ದಿ ಒಂದುಗೂಡಿಸುವ ಮಿದುಳಿನ ಭಾಗ ಇದೆಯೇ, ಇವೆರಡರ ನಡುವೆ ಸಂಪರ್ಕ ಇದೆಯೇ ಎಂಬ ಮೂರು ದೇಹರಚನೆಗೆ ಸಂಬಂಧಿಸಿದವು. ನೋವುನಿವಾರಕ ಕೊಟ್ಟರೆ ಸ್ಪಂದನೆ ತಗ್ಗುತ್ತದೆಯೇ, ಬಾಧೆಯನ್ನೂ ಲಾಭವನ್ನೂ ತೂಗುತ್ತದೆಯೇ, ಗಾಯವನ್ನು ಆರೈಕೆ ಮಾಡಿಕೊಳ್ಳುತ್ತದೆಯೇ, ಕೆಟ್ಟ ಅನುಭವವನ್ನು ಬೇರೊಂದು ಗುರುತಿನೊಂದಿಗೆ ಜೋಡಿಸಿ ಕಲಿಯುತ್ತದೆಯೇ, ಗಾಯವಾದಾಗ ನೋವುನಿವಾರಕವನ್ನು ತಾನಾಗಿ ಬಯಸುತ್ತದೆಯೇ ಎಂಬ ಐದು ನಡವಳಿಕೆಗೆ ಸಂಬಂಧಿಸಿದವು.

ಪ್ರೌಢ ನೊಣ ಮತ್ತು ಸೊಳ್ಳೆಗಳ ಗುಂಪು, ಜಿರಳೆ ಮತ್ತು ಗೆದ್ದಲುಗಳ ಗುಂಪು ಎಂಟರಲ್ಲಿ ಆರನ್ನು ದಾಟಿದವು. ಜೇನು, ಕಣಜ, ಇರುವೆಗಳ ಗುಂಪು, ಚಿಟ್ಟೆ, ಪತಂಗ, ಮಿಡತೆಗಳು ಮೂರು ನಾಲ್ಕನ್ನು ದಾಟಿದವು. ಜೀರುಂಡೆ ಜಾತಿಯ ಗಟ್ಟಿರೆಕ್ಕೆಯ ಕೀಟಗಳಿಗೆ, ಅಂದರೆ ನಮ್ಮ ತೆಂಗಿನ ಕುರುವಾಯಿಯ ಬಳಗಕ್ಕೆ ಸಿಕ್ಕಿದ್ದು ಅದಕ್ಕೂ ಕಡಿಮೆ. ಕಡಿಮೆ ಅಂಕ ಎಂದರೆ ಹೆಚ್ಚಾಗಿ ಆ ಗುಂಪಿನ ಮೇಲೆ ಪ್ರಯೋಗ ನಡೆದಿಲ್ಲ ಎಂದರ್ಥ. ಯಾವ ಗುಂಪೂ ಯಾವುದೇ ಪರೀಕ್ಷೆಯಲ್ಲಿ ಖಚಿತವಾಗಿ ಸೋತಿಲ್ಲ. ಮರಿಹುಳುಗಳ ಬಗ್ಗೆ ಸಾಕ್ಷ್ಯ ಪ್ರೌಢ ಕೀಟಗಳಿಗಿಂತ ದುರ್ಬಲ. ಹಾಗಾಗಿ 'ಕೀಟಕ್ಕೆ ನೋವಾಗುತ್ತದೆಯೇ' ಎಂಬ ಒಂದೇ ಪ್ರಶ್ನೆಗೆ ಒಂದೇ ಉತ್ತರ ಹುಡುಕುವುದು ಸರಿಯಲ್ಲ. ಯಾವ ಕೀಟ, ಯಾವ ಅವಸ್ಥೆ, ಏನು ಮಾಡಲಿದ್ದೀರಿ ಎಂದು ಕೇಳಬೇಕು.

ಹೀಗೆ ಹುಳಹುಪ್ಪಟೆಗಳನ್ನು ಒಂದೇ ರಾಶಿಗೆ ಹಾಕದೆ ವಿಂಗಡಿಸುವುದು ನಮ್ಮ ಊರುಗಳಿಗೆ ಅಪರಿಚಿತವೇನೂ ಅಲ್ಲ. ಮೂಡುಬಿದಿರೆ, ಕಾರ್ಕಳಗಳ ಜೈನ ಪರಂಪರೆಯಲ್ಲಿ ಹುಳಕ್ಕೆ ಎರಡು ಇಂದ್ರಿಯ, ಇರುವೆಗೆ ಮೂರು, ನೊಣ, ಸೊಳ್ಳೆ, ದುಂಬಿಗಳಿಗೆ ನಾಲ್ಕು ಎಂಬ ಲೆಕ್ಕವಿದೆ. ಆ ಲೆಕ್ಕದ ಆಧಾರ ಬೇರೆ, ಪ್ರಯೋಗಶಾಲೆಯ ಆಧಾರ ಬೇರೆ. ಆದರೆ ಪುಟ್ಟ ಜೀವಿಯ ಅನುಭವವನ್ನು ಗಂಭೀರವಾಗಿ ಪರಿಗಣಿಸಿದ ಚಿಂತನೆ ಇಲ್ಲಿ ಮೊದಲಿನಿಂದ ಇದೆ.

ಕಾನೂನು ಎಲ್ಲಿ ನಿಲ್ಲುತ್ತದೆ

ಭಾರತದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 2ನೇ ಸೆಕ್ಷನ್ ಪ್ರಕಾರ ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಯಾವುದೇ ಜೀವಿ. ಅಕ್ಷರಶಃ ಓದಿದರೆ ನೊಣವೂ ಅದರಲ್ಲಿ ಬಂತು. ಪ್ರಯೋಗದ ಬಗ್ಗೆ 17ನೇ ಸೆಕ್ಷನ್ ಹೇಳುವುದನ್ನು ಜೀವಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಒಮ್ಮೆ ಓದಬೇಕು. ಎಚ್ಚರ ಮತ್ತು ಮಾನವೀಯತೆಯಿಂದ ಮಾಡಬೇಕು, ಪುಸ್ತಕ, ಮಾದರಿ, ಚಿತ್ರಗಳಿಂದ ಕಲಿಸಲು ಆಗುವುದಾದರೆ ಪ್ರಾಣಿಯನ್ನು ಬಳಸಬಾರದು, ಕೈಪಳಗಿಸಿಕೊಳ್ಳಲೆಂದೇ ಪ್ರಯೋಗ ಮಾಡಬಾರದು ಎಂಬುದೆಲ್ಲ ಅದರಲ್ಲಿದೆ.

ರೂಢಿಯಲ್ಲಿ ಮಾತ್ರ ಈ ನಿಯಂತ್ರಣ ಬೆನ್ನೆಲುಬಿರುವ ಪ್ರಾಣಿಗಳಿಗೆ ಸೀಮಿತ. ಇಲಿಯ ಮೇಲೆ ಪ್ರಯೋಗ ಮಾಡಬೇಕಾದರೆ ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಗೆ ಅರ್ಜಿ ಹಾಕಿ, ಎಷ್ಟು ಇಲಿ, ಯಾಕೆ, ಅರಿವಳಿಕೆ ಯಾವುದು ಎಂದೆಲ್ಲ ವಿವರಿಸಬೇಕು. ನೊಣಕ್ಕೆ ಸಾಮಾನ್ಯವಾಗಿ ಇದು ಯಾವುದೂ ಬೇಡ. ಯುರೋಪಿನ ಒಕ್ಕೂಟದ 2010ರ ನಿರ್ದೇಶನವೂ ಬೆನ್ನೆಲುಬಿನ ಪ್ರಾಣಿಗಳು ಮತ್ತು ಆಕ್ಟೋಪಸ್ ಬಳಗಕ್ಕೆ ನಿಂತುಬಿಡುತ್ತದೆ. ಕಾಲೇಜುಗಳಲ್ಲಿ ಪ್ರಾಣಿಗಳನ್ನು ಕೊಯ್ದು ಕಲಿಸುವುದನ್ನು ಕಡಿಮೆ ಮಾಡಲು ಯುಜಿಸಿ 2011ರಲ್ಲಿ ಮಾರ್ಗಸೂಚಿ ಹೊರಡಿಸಿತು. ಪ್ರಯೋಗಾಲಯದ ಟ್ರೇಯಲ್ಲಿ ಜಿರಳೆ ಬಿಡಿಸುವ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು. ಜೀವಂತ ಕೀಟದ ಪ್ರಾಜೆಕ್ಟ್‌ಗಳು ಉಳಿದವು. ಹೊರಗಿನಿಂದ ಚಿಟ್ಟೆ, ಜೀರುಂಡೆ ಹಿಡಿದು ತರುವವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯನ್ನೂ ನೋಡಬೇಕು, ಕೆಲವು ಚಿಟ್ಟೆ, ಜೀರುಂಡೆಗಳು ಅದರಲ್ಲಿವೆ.

ಸೀಸೆಯ ಬಳಿ: ಏನು ಮಾಡಬೇಕು, ಎಲ್ಲಿ ತಪ್ಪುತ್ತದೆ

1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಪ್ರಾಣಿಪ್ರಯೋಗಕ್ಕೆ ಮೂರು ಸೂತ್ರ ಕೊಟ್ಟರು. ಬದಲಿ ಇದ್ದರೆ ಪ್ರಾಣಿ ಬೇಡ, ಬೇಕೇ ಬೇಕಾದರೆ ಕಡಿಮೆ ಸಂಖ್ಯೆ ಸಾಕು, ಬಳಸಿದ್ದಕ್ಕೆ ಬಾಧೆ ಆದಷ್ಟು ಕಡಿಮೆ ಇರಲಿ. ಹಣ್ಣುನೊಣಕ್ಕೆ ಇದನ್ನು ಹೇಗೆ ಅನ್ವಯಿಸುವುದು ಎಂಬುದನ್ನು ತುಸು ವಿವರವಾಗಿ ನೋಡೋಣ, ಏಕೆಂದರೆ ಹೆಚ್ಚಿನ ಹಿಂಸೆ ನಡೆಯುವುದು ಪ್ರಯೋಗದಲ್ಲಿ ಅಲ್ಲ, ಸಾಕುವುದರಲ್ಲಿ.

ಆಹಾರದಿಂದ ಶುರುಮಾಡಬೇಕು. ನಮ್ಮಲ್ಲಿ ಬಳಕೆಯಲ್ಲಿರುವ ಪಾಕ: ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್. ಕುದಿಸಿ ಗಟ್ಟಿಯಾದ ಮೇಲೆ ಇಳಿಸಿ, ಬೂಷ್ಟು ಬಾರದಂತೆ 7.5 ಮಿಲಿ ಪ್ರೊಪಿಯೋನಿಕ್ ಆಮ್ಲ. ಬಿಸಿಯಿರುವಾಗಲೇ ಸೀಸೆಗೆ ಸುರಿದು ಹತ್ತಿ ಮುಚ್ಚಿದರೆ ಒಳಗೋಡೆಯಲ್ಲಿ ಬೆವರು ಕೂಡುತ್ತದೆ. ಕರಾವಳಿಯ ತೇವದಲ್ಲಿ ಅದು ಆರುವುದೇ ಇಲ್ಲ. ನೊಣಗಳು ರೆಕ್ಕೆ ಅಂಟಿಕೊಂಡು ಒದ್ದಾಡಿ ಸಾಯುತ್ತವೆ. ತೆಳು ಬಟ್ಟೆ ಮುಚ್ಚಿ ಪೂರ್ತಿ ತಣಿಯಲು ಬಿಟ್ಟು, ಗೋಡೆ ಒರೆಸಿ, ಆಮೇಲೆ ನೊಣ ಬಿಡಬೇಕು. ಒಂದೇ ಸೀಸೆಯಲ್ಲಿ ಹೆಚ್ಚು ಮೊಟ್ಟೆ ಬಿದ್ದರೆ ಮರಿಗಳು ತಮ್ಮದೇ ಮಲದ ಅಮೋನಿಯದಲ್ಲಿ ಬೆಳೆದು ಕುಬ್ಜವಾಗುತ್ತವೆ. ಕೆಲವು ಜೋಡಿಗಳನ್ನು ಬಿಟ್ಟು, ಮೊಟ್ಟೆ ಇಟ್ಟ ಮೇಲೆ ಬೇರೆ ಸೀಸೆಗೆ ವರ್ಗಾಯಿಸಿದರೆ ಈ ತೊಂದರೆ ಇಲ್ಲ. ಸೀಸೆ ಇಡುವ ಸ್ಟ್ಯಾಂಡಿನ ಕಾಲುಗಳು ನೀರು ತುಂಬಿದ ಬಟ್ಟಲುಗಳಲ್ಲಿರಲಿ. ಇಲ್ಲವಾದರೆ ಒಂದು ರಾತ್ರಿಯಲ್ಲಿ ಇರುವೆಗಳು ಹತ್ತಿ ಕೊರೆದು ಒಳಗಿಳಿಯುತ್ತವೆ.

ಉಷ್ಣತೆ ನಮ್ಮ ಊರಿನ ದೊಡ್ಡ ತೊಡಕು. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ಪ್ರೌಢ ನೊಣವಾಗಲು ಸುಮಾರು ಹತ್ತು ದಿನ. ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರಿನ ಕೊಠಡಿಯ ಬಿಸಿ 30 ದಾಟುತ್ತದೆ. ಆ ಬಿಸಿಯಲ್ಲಿ ಬೆಳೆದ ಗಂಡುನೊಣಗಳು ಬಂಜೆಯಾಗುತ್ತವೆ. 'ನಾವು ಕೊಟ್ಟ ಸೊಪ್ಪಿನ ಕಷಾಯದಿಂದ ಸಂತಾನಶಕ್ತಿ ಹೋಯಿತು' ಎಂದು ಬರೆದ ವರದಿಯ ಹಿಂದೆ ಕೆಟ್ಟುಹೋದ ಇನ್‌ಕ್ಯುಬೇಟರ್ ಇರಬಹುದು. ಅಲ್ಲಿ ಹೋದ ಜೀವಗಳೆಲ್ಲ ವ್ಯರ್ಥ. ಕನಿಷ್ಠ–ಗರಿಷ್ಠ ತೋರಿಸುವ ಥರ್ಮಾಮೀಟರ್ ಇಟ್ಟು ದಿನಾಲೂ ಬರೆದುಕೊಳ್ಳುವುದರಿಂದ ಉಳಿಯುವ ನೊಣಗಳು ಬೇರೆ ಯಾವ ಉಪಾಯಕ್ಕಿಂತಲೂ ಹೆಚ್ಚು.

ಇನ್ನು ಅರಿವಳಿಕೆ. ಹಿಂದೆ ಈಥರ್ ಬಳಸುತ್ತಿದ್ದರು. ಅದು ಬೆಂಕಿ ಹಿಡಿಯುವ ವಸ್ತು, ಪ್ರಮಾಣ ತುಸು ಮೀರಿದರೂ ನೊಣ ಸಾಯುತ್ತದೆ. ಸತ್ತ ನೊಣದ ರೆಕ್ಕೆ ಮೈಗೆ ನೇರವಾಗಿ ಮೇಲಕ್ಕೆ ಸೆಟೆದು ನಿಲ್ಲುವುದೇ ಅದರ ಗುರುತು. ಈಗ ಇಂಗಾಲದ ಡೈಆಕ್ಸೈಡ್ ಅಥವಾ ಮಂಜುಗಡ್ಡೆ. ಇಂಗಾಲದ ಡೈಆಕ್ಸೈಡ್ ಕ್ಷಣದಲ್ಲಿ ಕೆಲಸ ಮಾಡುತ್ತದೆ. ಆದರೆ ಆ ವಾಸನೆಯಿಂದ ಹಣ್ಣುನೊಣ ಸಹಜವಾಗಿಯೇ ದೂರ ಓಡುತ್ತದೆ, ಹೆಚ್ಚು ಹೊತ್ತು ಇಟ್ಟರೆ ಸಾಯುತ್ತದೆ. ಒಂದು ಬಾರಿಗೆ ಕಾಲು ಗಂಟೆ ಮೀರಬಾರದು, ನಡವಳಿಕೆಯ ಪರೀಕ್ಷೆ ಇದ್ದರೆ ಎಚ್ಚರವಾದ ಮೇಲೆ 24 ಗಂಟೆ ಬಿಡಬೇಕು.

ಸಾಧಾರಣ ಕಾಲೇಜಿಗೆ ಮಂಜುಗಡ್ಡೆಯೇ ಸಾಕು. ನೊಣಗಳನ್ನು ಆಹಾರವಿಲ್ಲದ ಒಣ ಸೀಸೆಗೆ ತಟ್ಟಿ ಇಳಿಸಿ, ಸೀಸೆಯನ್ನು ಪುಡಿ ಮಂಜಿನಲ್ಲಿ ಹೂತಿಡಬೇಕು. ಎಲ್ಲವೂ ಬಿದ್ದ ಮೇಲೂ ಕೆಲ ನಿಮಿಷ ಕಾಯಬೇಕು. ಅಲುಗಾಡದೆ ಬಿದ್ದಿರುವುದೂ ಏನೂ ತಿಳಿಯದಿರುವುದೂ ಒಂದೇ ಅಲ್ಲ. ಮೃದು ಕುಂಚದ ತುದಿಯಿಂದ ಕಾಲನ್ನು ಮುಟ್ಟಿದಾಗ ಒಂದಿಷ್ಟೂ ಸೆಳೆದುಕೊಳ್ಳದಿದ್ದರೆ ಮುಂದುವರಿಯಬಹುದು. ಆಮೇಲೆ ಮಂಜಿನ ಮೇಲಿಟ್ಟ ಪೆಟ್ರಿ ತಟ್ಟೆಗೆ ಒಣ ಕಾಗದ ಹಾಸಿ, ಅದರ ಮೇಲೆ ಸುರಿದು ವಿಂಗಡಿಸಬೇಕು. ಕಾಗದವಿಲ್ಲದಿದ್ದರೆ ತಟ್ಟೆಯಲ್ಲಿ ಕೂಡುವ ನೀರಹನಿಯಲ್ಲಿ ಮುಳುಗುತ್ತವೆ. ಹಿಂದಕ್ಕೆ ಆಹಾರದ ಸೀಸೆಗೆ ಹಾಕುವಾಗ ಸೀಸೆ ಅಡ್ಡ ಮಲಗಿರಲಿ. ನೇರ ನಿಲ್ಲಿಸಿದರೆ ಮೈಮರೆತ ನೊಣ ಪಾಕಕ್ಕೆ ಬಿದ್ದು ಅಂಟಿಕೊಳ್ಳುತ್ತದೆ, ಎಚ್ಚರವಾಗುವಾಗ ಬಿಡಿಸಿಕೊಳ್ಳಲು ಆಗುವುದಿಲ್ಲ. ಹೊಸಬರ ಕೈಯಲ್ಲಿ ಸಾಯುವ ನೊಣಗಳಲ್ಲಿ ದೊಡ್ಡ ಪಾಲು ಹೀಗೆ ಸತ್ತವೇ. ಎಲ್ಲವೂ ಎದ್ದು ನಡೆದಾಡಿದ ಮೇಲೆ ಸೀಸೆ ಎತ್ತಿ ನಿಲ್ಲಿಸಿ.

ಕೆಲಸ ಮುಗಿದ ನೊಣಗಳನ್ನು ಎಚ್ಚರವಿರುವಾಗಲೇ ಸ್ಪಿರಿಟ್ ಅಥವಾ ಎಣ್ಣೆಯ ಬಾಟಲಿಗೆ ತಟ್ಟುವ ಅಭ್ಯಾಸವಿದೆ. ಮೊದಲು ಮಂಜಿನಲ್ಲಿ ಮೈಮರೆಸಿ, ಆಮೇಲೆ 70% ಆಲ್ಕೋಹಾಲಿಗೆ ಹಾಕಿದರೆ ಹೆಚ್ಚು ಬೇಕಾಗುವುದು ಹತ್ತು ನಿಮಿಷ. ಇಲ್ಲವೇ ಮೈಮರೆಸಿದ ಸೀಸೆಯನ್ನು ಹಾಗೆಯೇ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ರಾತ್ರಿಯಿಡೀ ಬಿಡಬಹುದು.

ಜಿರಳೆಯ ಬೆನ್ನಿನ ಕವಚ ಉಜ್ಜಿ, ಮೀಸೆ ಕತ್ತರಿಸಿ ತಂತಿ ತೂರಿಸಿ, ಮೊಬೈಲಿನಿಂದ ಎಡಬಲ ತಿರುಗಿಸುವ ವಿಡಿಯೊಗಳು ಹರಿದಾಡುತ್ತವೆ. ವಿಜ್ಞಾನಮೇಳಕ್ಕೆ ಅದನ್ನು ನಕಲು ಮಾಡುವ ಆಸೆ ಮಕ್ಕಳಿಗೆ ಬರುವುದು ಸಹಜ. ಮೇಲಿನ ಎಂಟು ಪರೀಕ್ಷೆಗಳಲ್ಲಿ ಆರನ್ನು ದಾಟಿದ ಗುಂಪು ಅದು. ಆ ಪ್ರದರ್ಶನದಿಂದ ಹೊಸದಾಗಿ ತಿಳಿಯುವುದು ಏನೂ ಇಲ್ಲ. ಅದು ಬೇಡ. ಇರುವೆ ಸಾಲಿಗೆ ಸಕ್ಕರೆ, ಉಪ್ಪು, ಅಕ್ಕಿನುಚ್ಚು ಇಟ್ಟು ದಾರಿ ಬದಲಿಸುವುದನ್ನು ಅಳೆಯುವುದು, ಮುಜಂಟಿ ಜೇನಿನ ಗೂಡಿನ ಬಾಯಲ್ಲಿ ಗಂಟೆಗೆಷ್ಟು ನೊಣ ಪರಾಗ ತಂದವೆಂದು ಎಣಿಸುವುದು, ಇವು ಒಂದು ಜೀವವನ್ನೂ ನೋಯಿಸದ ಪ್ರಾಜೆಕ್ಟ್‌ಗಳು, ಮತ್ತು ಇವುಗಳಲ್ಲಿ ನಿಜವಾದ ಅಂಕಿಅಂಶ ಸಿಗುತ್ತದೆ.

ಸೊಳ್ಳೆಯ ಲೆಕ್ಕ ಬೇರೆ

ಮಂಗಳೂರಿನ ಮಲೇರಿಯಾ ಹರಡುವುದು ಮುಖ್ಯವಾಗಿ ಅನಾಫಿಲಿಸ್ ಸ್ಟಿಫೆನ್ಸಿ ಎಂಬ ಸೊಳ್ಳೆ. ಕಟ್ಟಡ ಕಾಮಗಾರಿಯ ನೀರು, ತಾರಸಿಯ ಟ್ಯಾಂಕಿ ಅದರ ತವರು. ಸೊಳ್ಳೆಗೂ ನೋವಾಗಬಹುದು ಎಂದ ಕೂಡಲೇ ಸೊಳ್ಳೆ ನಿಯಂತ್ರಣ ಬಿಡಬೇಕು ಎಂದಾಗುವುದಿಲ್ಲ. ಜ್ವರದಿಂದ ಮಲಗುವ ಮನುಷ್ಯನ ಯಾತನೆಯಲ್ಲಿ ಯಾವ ಸಂಶಯವೂ ಇಲ್ಲ. ಟ್ಯಾಂಕಿ ಮುಚ್ಚಿ, ನಿಂತ ನೀರು ಚೆಲ್ಲಿ, ಬಾವಿಗೆ ಗಪ್ಪಿ ಮೀನು ಬಿಟ್ಟರೆ ಪ್ರೌಢ ಸೊಳ್ಳೆಗಳು ಹುಟ್ಟುವುದೇ ಕಡಿಮೆಯಾಗುತ್ತದೆ. ಆರೋಗ್ಯ ಇಲಾಖೆ ಹೇಳುವುದೂ ಇದನ್ನೇ.

ಕೀಟನಾಶಕ ಈಗಲೂ ನಾಟುತ್ತದೆಯೇ ಎಂದು ತಿಳಿಯಲು ಮಾತ್ರ ಸೊಳ್ಳೆಗಳನ್ನು ಕೊಂದೇ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಮೂರರಿಂದ ಐದು ದಿನ ಪ್ರಾಯದ, ರಕ್ತ ಕುಡಿಯದ ಹೆಣ್ಣುಸೊಳ್ಳೆಗಳನ್ನು 20ರಿಂದ 25ರಂತೆ ಕೊಳವೆಗಳಲ್ಲಿ ತುಂಬುತ್ತಾರೆ. ನಾಲ್ಕು ಕೊಳವೆಗಳಲ್ಲಿ ಔಷಧ ಲೇಪಿಸಿದ ಕಾಗದ, ಎರಡರಲ್ಲಿ ಔಷಧವಿಲ್ಲದ್ದು. ಒಂದು ಗಂಟೆ ಹಾಗಿಟ್ಟು, ಬಳಿಕ ಬೇರೆ ಕೊಳವೆಗೆ ಬಿಟ್ಟು, ಹತ್ತಿಯಲ್ಲಿ ಸಕ್ಕರೆ ನೀರು ಕೊಟ್ಟು 24 ಗಂಟೆಯ ನಂತರ ಎಣಿಸುತ್ತಾರೆ. 98%ಕ್ಕೆ ಕಡಿಮೆಯಿಲ್ಲದೆ ಸತ್ತರೆ ಔಷಧ ನಾಟುತ್ತದೆ, 90ಕ್ಕಿಂತ ಕಡಿಮೆ ಸತ್ತರೆ ಸೊಳ್ಳೆ ಔಷಧಕ್ಕೆ ಒಗ್ಗಿಕೊಂಡಿದೆ. ಔಷಧ ಮುಟ್ಟದ ಸೊಳ್ಳೆಗಳೇ 20%ಕ್ಕಿಂತ ಹೆಚ್ಚು ಸತ್ತರೆ ಇಡೀ ಪರೀಕ್ಷೆ ರದ್ದು. ಹೀಗಾಗುವುದು ಹಿಡಿಯುವಾಗ ಊದುಕೊಳವೆಯಲ್ಲಿ ಜೋರಾಗಿ ಎಳೆದು ಕಾಲು ಮುರಿದರೆ, ಬಿಸಿಲಿನ ಜೀಪಿನಲ್ಲಿ ಸಾಗಿಸಿದರೆ, ತೇವದ ಬಟ್ಟೆ ಸುತ್ತದೆ ಒಣಗಲು ಬಿಟ್ಟರೆ. ಮೆತ್ತಗಿನ ಕೈ ಇಲ್ಲಿ ದಯೆಗೂ ಬೇಕು, ಲೆಕ್ಕಕ್ಕೂ ಬೇಕು. ಒಂದು ಸಲ ಕೆಟ್ಟರೆ ಇನ್ನೊಮ್ಮೆ ಸುಮಾರು 150 ಸೊಳ್ಳೆ ಬೇಕಾಗುತ್ತದೆ.

ಮನೆಯಲ್ಲಿ ನೋಡಬೇಕಾದದ್ದು ಸಾವು ಎಷ್ಟು ಬೇಗ ಬರುತ್ತದೆ ಎಂಬುದನ್ನು. ಚಪ್ಪಲಿಯ ಒಂದೇಟಿಗೆ ಜಿರಳೆ ಸಾಯುತ್ತದೆ, ಅಂಟುಹಾಳೆಗೆ ಸಿಕ್ಕಿದ್ದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಒದ್ದಾಡುತ್ತದೆ. ಅಂಟುಹಾಳೆ ಇಟ್ಟವರು ದಿನಕ್ಕೆರಡು ಸಲವಾದರೂ ನೋಡಬೇಕು.

ಕಾಲೇಜು ಇಂದೇ ಮಾಡಬಹುದಾದ ಒಂದು ಕೆಲಸ

ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲ. ಕೀಟದ ಪ್ರಾಜೆಕ್ಟ್‌ಗೂ ಒಂದು ಪುಟದ ಅರ್ಜಿ ಇಡಬಹುದು, ವಿಭಾಗದ ಇಬ್ಬರು ಅಧ್ಯಾಪಕರು ಓದಿ ಸಹಿ ಹಾಕಿದರೆ ಸಾಕು. ಯಾವ ಜಾತಿ, ಮರಿಯೋ ಪ್ರೌಢವೋ ಎಂದು ಮೊದಲು. ಪ್ರಶ್ನೆಗೆ ಉತ್ತರ ಈಗಾಗಲೇ ಪ್ರಕಟವಾಗಿದೆಯೇ ಎಂದು ಎರಡನೆಯದು, ಪ್ರಾಜೆಕ್ಟ್‌ಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಬದಲಾಗುತ್ತವೆ. ಗುಂಪಿಗೆ ಎಷ್ಟು ಕೀಟ, ಯಾಕೆ ಅಷ್ಟು ಎಂಬುದಕ್ಕೆ ಸಂಖ್ಯಾಶಾಸ್ತ್ರದ ಅಧ್ಯಾಪಕರ ಜತೆ ಅರ್ಧ ಗಂಟೆ ಕುಳಿತರೆ ಉತ್ತರ ಸಿಗುತ್ತದೆ. ಹತ್ತು ಕೀಟಗಳ ಪೂರ್ವಪರೀಕ್ಷೆ ಮಾಡಿ ನೋಡಿದರೆ ನೂರು ಹಾಳಾಗುವುದು ತಪ್ಪುತ್ತದೆ. ಅತಿ ಕಡಿಮೆ ತೆಗೆದುಕೊಂಡರೂ ತಪ್ಪು, ಏನೂ ಸಾಬೀತಾಗದೆ ಅಷ್ಟೂ ಜೀವ ಹೋದಂತೆ. ಬಿಸಿ, ಕತ್ತರಿ, ವಿಷ, ಉಪವಾಸ ಯಾವುದಾದರೂ ಇದ್ದರೆ ಅರಿವಳಿಕೆ ಏನು, ಯಾವ ಹಂತದಲ್ಲಿ ಪ್ರಯೋಗ ನಿಲ್ಲಿಸಿ ಕೀಟವನ್ನು ಬೇಗ ಕೊಲ್ಲುತ್ತೀರಿ ಎಂದು ಬರೆಯಬೇಕು. 'ಎಲ್ಲ ಸಾಯುವವರೆಗೆ' ಎಂಬುದು ಉತ್ತರವಾಗಿದ್ದರೆ, ಅರ್ಧದಷ್ಟು ಬಿದ್ದಾಗ ನಿಲ್ಲಿಸಿದರೂ ಅದೇ ಮಾಹಿತಿ ಸಿಗುತ್ತದೆಯೇ ಎಂದು ಕೇಳಿ ಅರ್ಜಿಯನ್ನು ವಾಪಸ್ ಕೊಡಬೇಕು. ಕೊನೆಯ ಸಾಲಿನಲ್ಲಿ, ರಜೆಯಲ್ಲಿ ಸೀಸೆಗಳನ್ನು ನೋಡಿಕೊಳ್ಳುವವರ ಹೆಸರು.